ಉಪಯೋಗಕ್ಕೆ ಬಾರದವರಿಗೆ ಮನೆಯಲ್ಲಿ ಜಾಗವಿದೆಯೇ?



ಹಾಲು ಕೊಡುವ ಹಸು ಒದ್ದರೂ ಸಹಿಸಿಕೊಳ್ಳಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಲೋಕದ ಲೆಕ್ಕದಲ್ಲಿ ಈ ಮಾತು ಸರಿಯೇ. ಆದರೆ ಹಾಲು ಬತ್ತಿದ ಹಸುವನ್ನು ಏನು ಮಾಡಬೇಕು ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ. ಹಸುವಿನ ವಿಷಯ ಹಾಗಿರಲಿ. ಮನುಷ್ಯರನ್ನೂ ನಾವು ಇದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆಯೇ? ‘ಇವರಿಂದ ಮನೆಗೆ ಏನು ಪ್ರಯೋಜನ?’ ಎಂದು ಮೊದಲು ನೋಡಿ, ಆಮೇಲೆ ಪ್ರೀತಿಯನ್ನು ಅಳೆದು ಕೊಡುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರ ಮಾಡಲು ಒಂದು ಹಳೆಯ ಚಲನಚಿತ್ರದ ನೆರವು ಪಡೆಯುತ್ತೇನೆ. ಅದರ ಕಥಾನಾಯಕ ಒಂದು ಬೀದಿನಾಯಿ.

ಚಿತ್ರದ ಹೆಸರು ‘ಬೆಂಜಿ’. ಅಮೆರಿಕದ ಟೆಕ್ಸಾಸ್ ರಾಜ್ಯದ ಸಣ್ಣ ಊರುಗಳಲ್ಲಿ ಇದನ್ನು ಚಿತ್ರೀಕರಿಸಿ, 1974ರಲ್ಲಿ ತೆರೆಗೆ ತಂದವರು ಜೋ ಕ್ಯಾಂಪ್. ಖರ್ಚಾದದ್ದು ಸುಮಾರು 5 ಲಕ್ಷ ಡಾಲರ್. ಅಲ್ಲಿಯ ಸಿನಿಮಾ ಉದ್ಯಮಕ್ಕೆ ಇದು ಅಲ್ಪ ಹಣ. ಹಾಲಿವುಡ್ಡಿನ ದೊಡ್ಡ ಕಂಪನಿಗಳು ಯಾವುವೂ ಈ ಚಿತ್ರವನ್ನು ಕೈಗೆತ್ತಿಕೊಳ್ಳಲಿಲ್ಲ. ನಾಯಿಯೊಂದರ ಮುಖವನ್ನೇ ನಂಬಿಕೊಂಡ ಸಿನಿಮಾವನ್ನು ಯಾರು ನೋಡುತ್ತಾರೆ? ಕೊನೆಗೆ ಕ್ಯಾಂಪ್ ತಮ್ಮದೇ ಕಂಪನಿಯ ಮೂಲಕ ಅದನ್ನು ಚಿತ್ರಮಂದಿರಗಳಿಗೆ ತಲುಪಿಸಿದರು. ತಂದೆತಾಯಿಗಳು ಮಕ್ಕಳ ಕೈಹಿಡಿದು ಬಂದರು. ಖರ್ಚಿನ ಹಲವು ಪಟ್ಟು ಹಣ ಬಂತು.

ಕಥೆ ಸರಳವಾದದ್ದು. ಬೆಂಜಿಗೆ ಯಜಮಾನನಿಲ್ಲ. ಪಾಳುಬಿದ್ದ ಹಳೆಯ ಮನೆಯೊಂದು ಅದರ ವಾಸಸ್ಥಾನ. ದಿನವೂ ಊರಲ್ಲಿ ಒಂದು ಸುತ್ತು ಬಂದು ತನ್ನ ಗೆಳೆಯರನ್ನೆಲ್ಲ ಮಾತನಾಡಿಸಿಕೊಂಡು ಹೋಗುವುದು ಅದರ ರೂಢಿ. ಆ ಗೆಳೆಯರಲ್ಲಿ ಪಾಲ್ ಮತ್ತು ಸಿಂಡಿ ಎಂಬ ಇಬ್ಬರು ಮಕ್ಕಳಿದ್ದಾರೆ. ಅವರ ಮನೆಗೆಲಸದ ಮೇರಿ ಬೆಂಜಿಗೆ ಊಟ ಹಾಕುತ್ತಾಳೆ. ಆದರೆ ಮಕ್ಕಳ ತಂದೆಗೆ ನಾಯಿ ಬೇಡ. ಆತ ಕೆಟ್ಟ ಮನುಷ್ಯನಲ್ಲ. ಎಲ್ಲೆಲ್ಲೋ ಅಲೆದು ಬರುವ ನಾಯಿ ಮನೆಗೇಕೆ ಎಂದು ನಮ್ಮಲ್ಲಿ ಎಷ್ಟೋ ತಂದೆಯರು ಹೇಳುವುದಿಲ್ಲವೇ? ಹೀಗಿರುವಾಗ ದುಷ್ಟರು ಆ ಮಕ್ಕಳನ್ನು ಅಪಹರಿಸಿ ಅದೇ ಪಾಳು ಮನೆಯಲ್ಲಿ ಕೂಡಿಹಾಕುತ್ತಾರೆ. ಬೆಂಜಿಗೆ ಎಲ್ಲವೂ ಗೊತ್ತು, ಆದರೆ ಹೇಳಲು ಬಾಯಿಲ್ಲ. ಓಡಿ ಬಂದು ಬೊಗಳಿದರೂ ದೊಡ್ಡವರು ಗಮನ ಕೊಡುವುದಿಲ್ಲ. ಕೊನೆಗೆ ಅಪಹರಣಕಾರರು ಬರೆದ ಚೀಟಿಯನ್ನು ಬಾಯಲ್ಲಿ ಕಚ್ಚಿ ತಂದಾಗಲೇ ಎಲ್ಲರ ಕಣ್ಣು ತೆರೆಯುತ್ತದೆ. ಮಕ್ಕಳು ಬದುಕುತ್ತಾರೆ. ತಂದೆ ಬೆಂಜಿಗೆ ಮನೆಯ ಬಾಗಿಲು ತೆರೆಯುತ್ತಾನೆ.

ಸುಖಾಂತ್ಯವಾಯಿತು, ನಿಜ. ಆದರೆ ಸ್ವಲ್ಪ ನಿಂತು ಯೋಚಿಸಿ. ಬೆಂಜಿ ಆ ಚೀಟಿಯನ್ನು ತರದೇ ಹೋಗಿದ್ದರೆ? ಮಕ್ಕಳನ್ನು ಪೊಲೀಸರೇ ಹುಡುಕಿ ತಂದಿದ್ದರೆ? ತಂದೆಯ ಲೆಕ್ಕದಲ್ಲಿ ಆ ನಾಯಿ ಬಾಗಿಲ ಹೊರಗೇ ಉಳಿಯುತ್ತಿತ್ತು. ಮಕ್ಕಳ ಪ್ರಾಣ ಉಳಿಸಿತು, ಆದ್ದರಿಂದ ಒಳಗೆ ಬರಬಹುದು. ಇದು ಕೃತಜ್ಞತೆ, ಕೃತಜ್ಞತೆ ಒಳ್ಳೆಯ ಗುಣವೇ. ಆದರೆ ಇದಕ್ಕೂ ಮೊದಲೇ ಆ ಮನೆಯಲ್ಲಿ ಇನ್ನೊಂದು ಬಗೆಯ ಪ್ರೀತಿ ಇತ್ತು. ಮೇರಿ ಊಟ ಹಾಕುವಾಗ, ಮಕ್ಕಳು ತಲೆ ಸವರುವಾಗ ಬೆಂಜಿ ಯಾರನ್ನೂ ಉಳಿಸಿರಲಿಲ್ಲ. ಅದು ಹಸಿದು ಬರುತ್ತಿತ್ತು, ಅವರು ಕೊಡುತ್ತಿದ್ದರು, ಅಷ್ಟೇ. ಹಾಗೆ ಲೆಕ್ಕವಿಲ್ಲದೆ ಕೊಟ್ಟ ಪ್ರೀತಿಯಿಂದಲೇ ಆ ನಾಯಿ ಮಕ್ಕಳನ್ನು ತನ್ನವರೆಂದು ತಿಳಿದಿತ್ತು. ಮೇರಿಯೂ ‘ಇದರಿಂದ ನಮಗೇನು ಲಾಭ?’ ಎಂದು ಕೇಳಿದ್ದರೆ ಮಕ್ಕಳ ಸುಳಿವು ಹೊತ್ತು ತರುವವರು ಯಾರಿರುತ್ತಿದ್ದರು?

ಆ ಪಾತ್ರ ಮಾಡಿದ ನಾಯಿಯ ಜೀವನವೂ ಇದನ್ನೇ ಹೇಳುತ್ತದೆ. ಹಿಗಿನ್ಸ್ ಅದರ ಹೆಸರು. 1960ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಊರಿನ ಅನಾಥ ಪ್ರಾಣಿಗಳ ಆಶ್ರಯಕೇಂದ್ರದಿಂದ ಅದನ್ನು ಮನೆಗೆ ತಂದವರು ಪ್ರಾಣಿಗಳ ತರಬೇತುದಾರ ಫ್ರಾಂಕ್ ಇನ್. ಟೆಲಿವಿಷನ್ನಿನಲ್ಲಿ ಕೆಲವು ವರ್ಷ ನಟಿಸಿ, ಮುದಿಯಾಗಿ ವಿಶ್ರಾಂತಿಯಲ್ಲಿದ್ದ ನಾಯಿಯದು. ‘ಬೆಂಜಿ’ ಚಿತ್ರ ಮಾಡುವಾಗ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಚಿತ್ರ ಬಂದ ಮರುವರ್ಷ, 1975ರಲ್ಲಿ, ಅದು ಸತ್ತಿತು. ಯಾರಿಗೂ ಬೇಡವಾಗಿದ್ದ ಮರಿ, ಕೆಲಸ ಮುಗಿಯಿತೆಂದುಕೊಂಡಿದ್ದ ಮುದಿ ಪ್ರಾಣಿ ಲಕ್ಷಾಂತರ ಮಕ್ಕಳಿಗೆ ಸಂತೋಷ ಕೊಟ್ಟಿತು.

‘ನೋಡಿ, ಕೊನೆಗೂ ಉಪಯೋಗಕ್ಕೆ ಬಂತಲ್ಲ!’ ಎಂದು ನೀವು ಹೇಳಬಹುದು. ಹಾಗಾದರೆ ಎಂದೂ ಯಾವ ಉಪಯೋಗಕ್ಕೂ ಬಾರದ ನಾಯಿಯೊಂದನ್ನು ಪವಿತ್ರ ಬೈಬಲಿನಿಂದಲೇ ತೋರಿಸುತ್ತೇನೆ. ತೊಬೀತನ ಗ್ರಂಥವನ್ನು ತೆರೆಯಿರಿ. ಕುರುಡನಾದ ತೊಬೀತನ ಮಗ ತೊಬೀಯ ದೂರದ ಊರಿಗೆ ಹೊರಡುತ್ತಾನೆ. ದೇವದೂತ ರಫಾಯೇಲ್ ಮನುಷ್ಯನ ವೇಷದಲ್ಲಿ ಜೊತೆಗೆ ಬರುತ್ತಾನೆ. ಅವರ ಹಿಂದೆ ತೊಬೀಯನ ನಾಯಿಯೂ ಹೊರಡುತ್ತದೆ. ದಾರಿ ತೋರಿಸುವವನು ದೇವದೂತ. ಔಷಧವಾಗಿ ಒದಗುವುದು ಮೀನಿನ ಪಿತ್ತ. ನಾಯಿ ಏನು ಮಾಡಿತು? ಏನೂ ಮಾಡಲಿಲ್ಲ. ಕಳ್ಳನನ್ನು ಹಿಡಿಯಲಿಲ್ಲ, ಮೃಗವನ್ನು ಓಡಿಸಲಿಲ್ಲ. ಜೊತೆಯಲ್ಲಿ ಹೋಯಿತು, ಜೊತೆಯಲ್ಲಿ ಮರಳಿ ಬಂತು. ಆದರೂ ಪವಿತ್ರ ಗ್ರಂಥ ಅದನ್ನು ಬಿಟ್ಟುಬಿಡದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೆನೆದಿದೆ. ಜೊತೆಗಿರುವುದೂ ದೇವರ ದೃಷ್ಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಇದರಿಂದ ಅನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ, ಅವುಗಳನ್ನು ವೃಥಾ ಹಿಂಸಿಸುವುದು ತಪ್ಪು ಎಂದು ಬೋಧಿಸುತ್ತದೆ. ಅವುಗಳನ್ನು ಪ್ರೀತಿಸಬಹುದು ಎಂದೂ ಹೇಳುತ್ತದೆ. ಆದರೆ ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗಳಿಗೆ ಕೊಡಬಾರದು, ಬಡವರ ಸಂಕಟ ನೀಗಲು ಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು ಎಂದೂ ತಿಳಿಸುತ್ತದೆ. ದಿವಂಗತ ಪೋಪ್ ಫ್ರಾನ್ಸಿಸರು 2022ರ ಜನವರಿಯಲ್ಲಿ, ಮಕ್ಕಳ ಜಾಗದಲ್ಲಿ ನಾಯಿ ಬೆಕ್ಕುಗಳನ್ನು ಇಟ್ಟುಕೊಳ್ಳುವ ದಂಪತಿಗಳ ವಿಷಯದಲ್ಲಿ ಚಿಂತೆ ವ್ಯಕ್ತಪಡಿಸಿದಾಗ ಹಲವರು ಮುನಿಸಿಕೊಂಡರು. ಪ್ರಾಣಿಗಳ ಮೇಲಿನ ಕೋಪದಿಂದ ಅವರು ಹಾಗೆ ಹೇಳಲಿಲ್ಲ. ಸೃಷ್ಟಿಯನ್ನು ಕಾಪಾಡಿರೆಂದು 2015ರಲ್ಲಿ ಇಡೀ ಜಗತ್ತಿಗೆ ಪತ್ರ ಬರೆದವರೂ ಅವರೇ.

ನಾಯಿಯನ್ನು ಪ್ರೀತಿಸುವುದು ಸುಲಭ. ಅದು ಎದುರುತ್ತರ ಕೊಡುವುದಿಲ್ಲ, ಹಳೆಯ ಜಗಳ ಎತ್ತುವುದಿಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳುವುದಿಲ್ಲ. 2022ರಲ್ಲಿ ನಮ್ಮ ಕನ್ನಡದಲ್ಲೇ ಬಂದ ‘777 ಚಾರ್ಲಿ’ಯನ್ನು ನೋಡಿ ಕಣ್ಣೊರೆಸಿಕೊಂಡವರು ಬಹಳ ಮಂದಿ. ಆ ಕಣ್ಣೀರು ಸುಳ್ಳಲ್ಲ. ಆದರೆ ತೆರೆಯ ಮೇಲಿನ ಕಾಯಿಲೆಯ ನಾಯಿಗೆ ಮರುಗಿದ ಹೃದಯ, ಹಿಂದಿನ ಕೋಣೆಯಲ್ಲಿ ಮಲಗಿದ ಅತ್ತೆಯ ಕೂಗಿಗೆ ಕಲ್ಲಾದರೆ ಆ ಕಣ್ಣೀರಿನಿಂದ ಬಂದದ್ದೇನು? ನಾಯಿಯ ಬಳಿ ನಾವು ಕಲಿಯುವ ಲೆಕ್ಕವಿಲ್ಲದ ಪ್ರೀತಿ ನಾಯಿಯ ಬಳಿಯೇ ನಿಂತುಬಿಡಬಾರದು.

ನಮ್ಮ ಮನೆಗಳನ್ನೇ ನೋಡಿ. ಗಲ್ಫಿನಿಂದ ಹಣ ಕಳುಹಿಸುವ ಮಗನಿಗೆ ಒಂದು ಬಗೆಯ ಮಾತು, ಊರಲ್ಲೇ ಕೆಲಸವಿಲ್ಲದೆ ಉಳಿದವನಿಗೆ ಇನ್ನೊಂದು ಬಗೆಯ ಮಾತು. ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ ಬೇಕು. ಮಗು ಶಾಲೆಗೆ ಸೇರಿದ ಮೇಲೆ ಅಜ್ಜಿ ಯಾರ ಮನೆಯಲ್ಲಿರಬೇಕು ಎಂದು ಚರ್ಚೆ. ಬುದ್ಧಿ ಬೆಳೆಯದ ಮಗುವನ್ನು ನೆಂಟರು ಬಂದಾಗ ಒಳಗೆ ಕೂರಿಸುವವರೂ ಇದ್ದಾರೆ. ಇವರಲ್ಲಿ ಯಾರೂ ಚೀಟಿ ಕಚ್ಚಿಕೊಂಡು ಬಂದು ನಮ್ಮನ್ನು ಉಳಿಸಲಾರರು. ತಮ್ಮ ಬೆಲೆಯನ್ನು ರುಜುವಾತುಪಡಿಸುವ ಅವಕಾಶ ಇವರಿಗೆ ಎಂದೂ ಬಾರದೇ ಹೋಗಬಹುದು.

ನಮಗಾದರೂ ಆ ಅವಕಾಶ ಬಂದಿತ್ತೇ? ದೇವಾಲಯದಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಕೊಡುವಾಗ ಆ ಕೂಸು ಧರ್ಮಸಭೆಗೆ ಏನು ಮಾಡಿರುತ್ತದೆ? ಅಳುವುದೊಂದೇ ಅದಕ್ಕೆ ಗೊತ್ತು. ಆದರೂ ಅದು ದೇವರ ಮಗು ಎನಿಸಿಕೊಳ್ಳುತ್ತದೆ. ನಾವು ಒಳ್ಳೆಯವರಾದ ಮೇಲಲ್ಲ, ಇನ್ನೂ ಪಾಪಿಗಳಾಗಿರುವಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರೆಂದು ಸಂತ ಪೌಲರು ರೋಮನರಿಗೆ ಬರೆದರು. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಕೈಚಾಚುವಾಗ, ನಾವು ಯೋಗ್ಯರಲ್ಲ ಎಂದು ಒಪ್ಪಿಕೊಂಡೇ ಚಾಚುತ್ತೇವೆ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಒಮ್ಮೆ ಸುತ್ತಲೂ ನೋಡಿ. ಮನೆಯಲ್ಲಿ ಯಾರಿಂದ ಏನೂ ಕೆಲಸವಾಗುವುದಿಲ್ಲವೋ ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಮಾತ್ರೆ ಕೊಟ್ಟು ಎದ್ದು ಹೋಗಲು ಅಲ್ಲ, ಸುಮ್ಮನೆ ಜೊತೆಗಿರಲು. ಅಂಗಳದಲ್ಲಿ ಮುದಿಯಾದ ನಾಯಿಯಿದ್ದರೆ ಅದಕ್ಕೂ ಒಂದು ಹಿಡಿ ಅನ್ನವಿರಲಿ. ‘ನಿನ್ನಿಂದ ನನಗೇನು ಪ್ರಯೋಜನ?’ ಎಂದು ದೇವರು ನಮ್ಮನ್ನು ಕೇಳಲಿಲ್ಲ. ನಾವೂ ಯಾರನ್ನೂ ಹಾಗೆ ಕೇಳದಿರೋಣ.