ಯಂತ್ರದ ಕುರುಹು, ವೈದ್ಯನ ಅರಿವು

ಕುರುಹು ಬೇರೆ, ಅರಿವು ಬೇರೆ ಎಂಬ ಶರಣರ ವಿವೇಕವು ಇಂದು ಆಸ್ಪತ್ರೆಯಲ್ಲಿಯೂ ಬೇಕಾಗಿದೆ. ಎದೆಯ ಎಕ್ಸ್-ರೇ ಚಿತ್ರದಲ್ಲಿ ಕ್ಷಯದ ಗುರುತನ್ನು ತೋರಿಸುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. 15 ವರ್ಷ ತುಂಬಿದವರ ತಪಾಸಣೆಗೆ ಇವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿತು. ತಜ್ಞರು ವಿರಳವಾದ ಹಳ್ಳಿಗಾಡಿಗೆ ಇದು ಉಪಕಾರವೇ ಸರಿ.

ಆದರೆ ಯಂತ್ರವು ತಾನು ಕಲಿತ ಚಿತ್ರಗಳನ್ನಷ್ಟೇ ಬಲ್ಲದು. ನ್ಯುಮೋನಿಯಾ ಗುರುತಿಸಲು ಕಲಿತ ಇಂತಹದೊಂದು ಯಂತ್ರವು ಪರಸ್ಥಳದ ಆಸ್ಪತ್ರೆಯ ಚಿತ್ರಗಳಲ್ಲಿ ಎಡವಿದುದನ್ನು 2018ರಲ್ಲಿ ಅಮೆರಿಕದ ಸಂಶೋಧಕರು ಕಂಡರು; ಚಿತ್ರವು ಯಾವ ಆಸ್ಪತ್ರೆಯದೆಂಬುದನ್ನೂ ಅದು ಗುರುತಿಸಬಲ್ಲದಾಗಿತ್ತು!

ಆದುದರಿಂದ, 1957ರಿಂದ ವೈದ್ಯಕೀಯ ಕಾಲೇಜುಳ್ಳ ಹುಬ್ಬಳ್ಳಿಯಲ್ಲಿಯೂ, ಗದಗ-ಹಾವೇರಿಗಳ ಕಡೆಯಿಂದ ಬರುವ ರೋಗಿಗಳ ಚಿತ್ರಗಳಲ್ಲಿಯೇ ಇಂತಹ ಯಂತ್ರವನ್ನು ಮೊದಲು ಒರೆಗೆ ಹಚ್ಚಬೇಕು. ವೈದ್ಯನಿರುವಲ್ಲಿ ಅವನು ತಾನೇ ನೋಡಿ, ಅನಂತರ ಯಂತ್ರದ ಅಭಿಪ್ರಾಯವನ್ನು ಕೇಳಬೇಕು, ಭೇದ ಬಂದಲ್ಲಿ ಪುನಃ ನೋಡಬೇಕು, ತಪ್ಪುಗಳನ್ನು ಬರೆದಿಡಬೇಕು. ವೈದ್ಯನಿಲ್ಲದ ಕಡೆ, ಯಂತ್ರವು ರೋಗವಿಲ್ಲವೆಂದರೂ ಕೆಮ್ಮು ನಿಲ್ಲದವನ ಕಫ ಪರೀಕ್ಷೆಯನ್ನು ಬಿಡಬಾರದು.

ಯಂತ್ರವು ಕಾಯಕವನ್ನು ಹಗುರಗೊಳಿಸಬಹುದು, ಹೊಣೆಯನ್ನು ಹೊರಲಾರದು. ರೋಗಿಗೆ ಉತ್ತರ ಹೇಳಬೇಕಾದವನು ವರದಿಗೆ ರುಜು ಹಾಕಿದ ವೈದ್ಯನೇ. ಸದ್ಭಕ್ತರಾದ ಗೃಹಸ್ಥರೂ ಮನೆಯವರ ಚಿತ್ರ ತೆಗೆಸಿದಾಗ, ಅದನ್ನು ವೈದ್ಯರು ತಾವೇ ನೋಡಿರುವರೇ ಎಂದು ವಿನಯದಿಂದ, ಸಂಕೋಚವಿಲ್ಲದೆ ಕೇಳಬೇಕು.