ಬೆಟ್ಟ ಯಾರದು?



ತನ್ನ ಹೊಲದ ಬದುವಿನ ಮೇಲೆ ನಿಂತಿರುವ ರೈತನನ್ನು ‘ಈ ಭೂಮಿ ಯಾರದು?’ ಎಂದು ಕೇಳಿರಿ. ಅವನು ಕ್ಷಣವೂ ತಡಮಾಡದೆ ‘ನನ್ನದು’ ಎನ್ನುತ್ತಾನೆ. ಆ ಉತ್ತರದಲ್ಲಿ ದೋಷವಿಲ್ಲ. ಅವನ ಹಿರಿಯರು ಅದನ್ನು ಉತ್ತಿದ್ದಾರೆ, ಅವನು ಬಿತ್ತಿದ್ದಾನೆ, ಉತಾರದಲ್ಲಿ ಅವನ ಹೆಸರಿದೆ. ಅದೇ ಮನುಷ್ಯನಿಗೆ ಊರಾಚೆಯ ಗುಡ್ಡವನ್ನು ತೋರಿಸಿ ಅದೇ ಪ್ರಶ್ನೆಯನ್ನು ಕೇಳಿರಿ. ಅವನು ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಆ ಮೌನದ ಅರ್ಥವೇನೆಂಬುದೇ ಈ ತಿಂಗಳ ನಮ್ಮ ವಿಚಾರ.

ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ಆಲೋಚಿಸದೆ ಬಿಟ್ಟವರಲ್ಲ. ಜೈಮಿನಿಯ ಮೀಮಾಂಸಾಸೂತ್ರಗಳ 6ನೆಯ ಅಧ್ಯಾಯದಲ್ಲಿ ವಿಶ್ವಜಿತ್ ಯಾಗದ ಚರ್ಚೆ ಬರುತ್ತದೆ. ಆ ಯಾಗ ಮಾಡುವವನು ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಹಾಗಾದರೆ ಸಾರ್ವಭೌಮನು ಇಡೀ ಭೂಮಿಯನ್ನೇ ದಾನ ಮಾಡಬಹುದೇ? ಕೂಡದು ಎಂಬುದು ಸಿದ್ಧಾಂತ. ಏಕೆಂದರೆ ಭೂಮಿ ಸರ್ವರಿಗೂ ಸಮಾನವಾದುದು. ಮನುಷ್ಯರು ಹೊಲಗಳಿಗೆ ಒಡೆಯರಾಗಿರುವುದು ಲೋಕದಲ್ಲಿ ಕಾಣುತ್ತದೆ, ಸಮಸ್ತ ಪೃಥ್ವಿಗೆ ಒಡೆಯರಾಗಿರುವುದು ಕಾಣುವುದಿಲ್ಲ ಎಂದು ಭಾಷ್ಯಕಾರನಾದ ಶಬರನು ವಿವರಿಸುತ್ತಾನೆ.

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಜಾನ್ ಲಾಕ್ 1689ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೇರೊಂದು ದಾರಿಯಿಂದ ಇದರ ಸಮೀಪಕ್ಕೇ ಬರುತ್ತಾನೆ. ಯಾವುದರಲ್ಲಿ ನನ್ನ ದುಡಿಮೆ ಬೆರೆತಿದೆಯೋ ಅದು ನನ್ನದಾಗುತ್ತದೆ. ಆದರೆ ಇತರರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಲಾಕ್‌ನ ನಾಡಿನದೇ ಒಂದು ಬೆಟ್ಟದ ಕಥೆಯನ್ನು ಕೇಳಿರಿ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ಕೈಗಾರಿಕಾ ನಗರಗಳ ನಡುವೆ, ಡರ್ಬಿಷೈರ್ ಪ್ರಾಂತದಲ್ಲಿ, ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಎತ್ತರ 636 ಮೀಟರು ಮಾತ್ರ. ಅದಕ್ಕೆ ಚೂಪಾದ ಶಿಖರವಿಲ್ಲ, ನೆತ್ತಿಯೆಲ್ಲ ವಿಶಾಲವಾದ ಬಯಲು. ಮರಗಳು ವಿರಳ. ಹೆದರ್ ಎಂಬ ಕುರುಚಲು ಗಿಡ, ಬಿಳಿಯ ಕುಚ್ಚುಗಳನ್ನು ಬಿಡುವ ಹತ್ತಿಹುಲ್ಲು, ನೀರು ತುಂಬಿದ ಹಾವಸೆ, ಅವುಗಳ ಕೆಳಗೆ ಕರಿಯ ಮಣ್ಣು. ಇಂಥ ನೆಲವನ್ನು ಆ ಜನ ಮೂರ್‌ಲ್ಯಾಂಡ್ ಎನ್ನುತ್ತಾರೆ. ಪಶ್ಚಿಮದ ಗಾಳಿ ಬಲವಾಗಿ ಬೀಸಿದಾಗ ಅಲ್ಲಿಯ ಜಲಪಾತದ ನೀರು ಕೆಳಗೆ ಬೀಳದೆ ಹಿಂದಕ್ಕೆ, ಮೇಲಕ್ಕೆ ಹಾರುತ್ತದೆ.

18 ಮತ್ತು 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಮಾಡಿದ ಆವರಣ ಕಾನೂನುಗಳಿಂದ ಆ ದೇಶದ ಅಪಾರ ಸಾಮುದಾಯಿಕ ಭೂಮಿ ಖಾಸಗಿಯಾಯಿತು. ಕಿಂಡರ್ ಕೂಡ ಶ್ರೀಮಂತರ ಬೇಟೆಯ ಬಯಲಾಯಿತು. ಗ್ರೌಸ್ ಎಂಬ ಹಕ್ಕಿಯ ಬೇಟೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಮಾತ್ರ. ಆದರೆ ಹಕ್ಕಿಗಳು ಬೆದರುತ್ತವೆಂಬ ಕಾರಣದಿಂದ ನಡೆಯುವವರಿಗೆ ವರ್ಷವಿಡೀ ನಿಷೇಧ. ವಾರವೆಲ್ಲ ಗಿರಣಿಯ ಧೂಳಿನಲ್ಲಿ ದುಡಿದು, ಭಾನುವಾರ ಒಂದಿಷ್ಟು ಶುದ್ಧವಾದ ಗಾಳಿಗಾಗಿ ಬಂದವರನ್ನು ಬೇಟೆಯ ಕಾವಲುಗಾರರು ತಡೆದು ಹಿಂದಕ್ಕೆ ಕಳುಹಿಸುತ್ತಿದ್ದರು. ಬೆಟ್ಟಗಳ ಮೇಲೆ ನಡೆಯುವ ಹಕ್ಕಿಗಾಗಿ ಜೇಮ್ಸ್ ಬ್ರೈಸ್ ಎಂಬ ಸದಸ್ಯರು 1884ರಲ್ಲಿಯೇ ಪಾರ್ಲಿಮೆಂಟಿನಲ್ಲಿ ಮಸೂದೆಯನ್ನು ಮಂಡಿಸಿದ್ದರು. ಅದು ಫಲಿಸಲಿಲ್ಲ.

1932ನೆಯ ಏಪ್ರಿಲ್ 24ರ ಭಾನುವಾರ, ಸುಮಾರು ನಾನೂರು ಜನ ಹೇಫೀಲ್ಡ್ ಎಂಬ ಹಳ್ಳಿಯ ಬಳಿಯ ಕಲ್ಲುಗಣಿಯಲ್ಲಿ ಸೇರಿ, ಮೊದಲೇ ಬಹಿರಂಗವಾಗಿ ಸಾರಿದ್ದಂತೆ ನಿಷಿದ್ಧವಾದ ಬೆಟ್ಟವನ್ನು ಹತ್ತಿದರು. ಮುಂದಾಳಾದ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ದಾರಿಯಲ್ಲಿ ಕಾವಲುಗಾರರೊಡನೆ ಘರ್ಷಣೆಯಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆರು ಜನರ ಬಂಧನವಾಗಿ, ಐವರಿಗೆ ಎರಡರಿಂದ ಆರು ತಿಂಗಳ ಸೆರೆಮನೆ ವಾಸ ವಿಧಿಸಲ್ಪಟ್ಟಿತು. ಅನ್ಯರ ಭೂಮಿಯನ್ನು ತುಳಿಯುವುದಷ್ಟೇ ಆ ಕಾನೂನಿನಲ್ಲಿ ಸೆರೆಗೆ ಯೋಗ್ಯವಾದ ಅಪರಾಧವಾಗಿರಲಿಲ್ಲ. ಗಲಭೆಗೆ ಸೇರಿದ ಆರೋಪಗಳ ಮೇಲೆ ಅವರನ್ನು ಶಿಕ್ಷಿಸಲಾಯಿತು.

ಇವರು ಮಾಡಿದ್ದು ಧರ್ಮವೇ? ಇಂದು ಅವರನ್ನು ಹೊಗಳುವುದು ಸುಲಭ. ಆಗ ಚಾರಣಿಗರ ಸಂಘಗಳ ನಾಯಕರೇ ಅನೇಕರು ಇದನ್ನು ವಿರೋಧಿಸಿದ್ದರು. ತಾಳ್ಮೆಯ ಮಾತುಕತೆ ಇದರಿಂದ ಕೆಡುವುದೆಂದು ಅವರು ಅಂಜಿದ್ದರು. ಆದರೂ ವಿಚಾರ ಮಾಡಿರಿ. ಆ ಬೆಟ್ಟದ ನೆತ್ತಿಯನ್ನು ಒಡೆಯನು ಉತ್ತವನಲ್ಲ, ಬಿತ್ತಿದವನಲ್ಲ. ಲಾಕ್‌ನ ಅಳತೆಗೋಲಿನಿಂದ ಅಳೆದರೂ ಅಲ್ಲಿ ಒಡೆಯನ ಬೆವರು ಎಷ್ಟಿತ್ತು? ಇತರರಿಗೆ ಏನನ್ನು ಉಳಿಸಲಾಗಿತ್ತು? ಈ ದೃಷ್ಟಿಯಿಂದ ಅವರ ಬೇಡಿಕೆ ನ್ಯಾಯವಾಗಿತ್ತೆಂದೇ ನಾವು ತಿಳಿಯುತ್ತೇವೆ. ಆದರೆ ಕಾವಲುಗಾರನಿಗೆ ಬಿದ್ದ ಪೆಟ್ಟು ನ್ಯಾಯವಲ್ಲ. ಅವನೂ ಕೂಲಿಗೆ ದುಡಿಯುವವನು. ಉದ್ದೇಶ ಶುದ್ಧವಾಗಿದ್ದ ಮಾತ್ರಕ್ಕೆ ಕೈಯ ಕಲೆ ತೊಳೆದುಹೋಗುವುದಿಲ್ಲ.

ಮುಂದೆ, ಅನೇಕರ ದೀರ್ಘ ಪ್ರಯತ್ನದ ಫಲವಾಗಿ, 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದಿತು. 1951ರಲ್ಲಿ ಕಿಂಡರ್ ಇರುವ ಪೀಕ್ ಡಿಸ್ಟ್ರಿಕ್ಟ್ ಪ್ರದೇಶವು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ಬೆಟ್ಟ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು. 2000ದ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟ-ಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2002ರಲ್ಲಿ, ಆ ಘಟನೆಯ 70ನೆಯ ವರ್ಷದ ಸ್ಮರಣೆಯಲ್ಲಿ, ಡೆವನ್‌ಷೈರಿನ ಡ್ಯೂಕರು ತಮ್ಮ ಅಜ್ಜನ ಕಾಲದ ನಡತೆಗಾಗಿ ಸಾರ್ವಜನಿಕವಾಗಿ ಕ್ಷಮೆ ಕೋರಿದರು. ತಾನು ಮಾಡದ ತಪ್ಪಿಗೆ ತಲೆಬಾಗುವುದು ಸಣ್ಣ ಮಾತಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಲೇಖನಿಯನ್ನು ಎತ್ತುತ್ತಿರಲಿಲ್ಲ. ಈ ಎಲ್ಲ ವ್ಯಾಜ್ಯದ ನಡುವೆ ಬೆಟ್ಟ ಸಾಯುತ್ತಿತ್ತು.

ಅಲ್ಲಿಯ ಕರಿಮಣ್ಣನ್ನು ಪೀಟ್ ಎನ್ನುತ್ತಾರೆ. ನೀರಿನಲ್ಲಿ ಕೊಳೆತೂ ಕೊಳೆಯದ ಸಸ್ಯಗಳೇ ಸಾವಿರಾರು ವರ್ಷಗಳಲ್ಲಿ ಆ ಮಣ್ಣಾಗಿವೆ. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರು. ಅದನ್ನು ಕಟ್ಟುವುದು ಸ್ಫ್ಯಾಗ್ನಮ್ ಎಂಬ ಹಾವಸೆ. ತನ್ನ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರನ್ನು ಅದು ಹಿಡಿದಿಡಬಲ್ಲದು. ಮ್ಯಾಂಚೆಸ್ಟರಿನ ಸುತ್ತಣ ಚಿಮಣಿಗಳಿಂದ ಎದ್ದ ಗಂಧಕದ ಹೊಗೆ ಮಳೆಯೊಡನೆ ಇಳಿದು ಆ ಹಾವಸೆಯನ್ನು ಕೊಂದಿತು. ಬೆಂಕಿ, ಮಿತಿಮೀರಿದ ಕುರಿಗಳ ಮೇವು ಇವೂ ಸೇರಿ ಮಣ್ಣು ಬರಿದಾಗಿ, ಕೊಚ್ಚಿಹೋಗಿ, ಆಳವಾದ ಕೊರಕಲುಗಳಾದವು. ಒಡೆಯನ ಕಾವಲು ಮನುಷ್ಯನನ್ನು ತಡೆಯಿತು, ಹೊಗೆಯನ್ನು ತಡೆಯಲಿಲ್ಲ. ಇನ್ನು ಬೆಟ್ಟವನ್ನು ಪ್ರೀತಿಸಿ ಹತ್ತಿದ ಕಾರ್ಮಿಕನೋ, ಆ ಹೊಗೆಯನ್ನು ಉಗುಳುವ ಗಿರಣಿಗಳಲ್ಲಿಯೇ ದುಡಿಯುತ್ತಿದ್ದವನು. ತಪ್ಪು ಅವನದಲ್ಲ, ಆದರೂ ಅವನು ಅದರ ಹೊರಗೂ ಇರಲಿಲ್ಲ.

ನಾವಾದರೂ ಹೊರಗಿದ್ದೆವೇ? 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ, ಅದೇ ಗಿರಣಿಗಳಿಗೆ ಭಾರತದ ಹತ್ತಿ ಹೋಯಿತು, ನಮ್ಮ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯೂ ಹೋಯಿತು. ಬೆಲೆ ಏರಿದಾಗ ನಮ್ಮ ಹಿರಿಯರು ಸಂತೋಷಪಟ್ಟಿರಬೇಕು. ದೂರದ ಬೆಟ್ಟವೊಂದರ ಹಾವಸೆಯ ವಿಚಾರ ಅವರಿಗೆ ತಿಳಿಯುವ ಬಗೆ ಇರಲಿಲ್ಲ. ನಮಗೆ ತಿಳಿದಿದೆ. ತಿಳಿದ ಮೇಲೆ ಹೊಣೆ ಬೇರೆಯಾಗುತ್ತದೆ.

ಹಕ್ಕು ದೊರೆತ ಮೇಲೆ ಪಾದಗಳೂ ಗಾಯ ಮಾಡಿದವು. ಆ ಬೆಟ್ಟದ ತಪ್ಪಲಿನ ಈಡೇಲ್ ಗ್ರಾಮದಿಂದ ಉತ್ತರಕ್ಕೆ ಹೋಗುವ, ಸುಮಾರು 430 ಕಿಲೋಮೀಟರಿನ ಪೆನೈನ್ ವೇ ಎಂಬ ಕಾಲುದಾರಿ 1965ನೆಯ ಏಪ್ರಿಲ್ 24ರಂದು, ಎಂದರೆ ಸರಿಯಾಗಿ 33 ವರ್ಷಗಳ ನಂತರ ಅದೇ ದಿನ, ವಿಧ್ಯುಕ್ತವಾಗಿ ತೆರೆಯಿತು. ಜನರ ತುಳಿತಕ್ಕೆ ನೆತ್ತಿಯ ಮಣ್ಣು ಕೆಸರಾಗಿ ಹರಡಿ, ಕೊನೆಗೆ ಅಲ್ಲಿಯ ದಾರಿಯನ್ನೇ ಬದಲಿಸಬೇಕಾಯಿತು. ಆ ಕಾಲುದಾರಿಯ ಕೆಸರುಭಾಗಗಳಲ್ಲಿ ಮುಂದೆ ಕಲ್ಲುಚಪ್ಪಡಿಗಳನ್ನು ಹಾಸಿದರು. ಅವುಗಳಲ್ಲಿ ಎಷ್ಟೋ ಚಪ್ಪಡಿಗಳು ಮುಚ್ಚಿಹೋದ ಹಳೆಯ ಹತ್ತಿಗಿರಣಿಗಳ ನೆಲದವು. 2003ರಿಂದ ಈಚೆಗೆ ಆ ಸುತ್ತಿನ ಬೆಟ್ಟಗಳಲ್ಲಿ ಕೊರಕಲುಗಳಿಗೆ ಒಡ್ಡು ಕಟ್ಟಿ, ಸುಣ್ಣ ಮತ್ತು ಬೀಜ ಚೆಲ್ಲಿ, ಹಾವಸೆಯನ್ನು ಕೈಯಿಂದ ನೆಡುವ ಕೆಲಸ ನಡೆದಿದೆ. ಕಿಂಡರ್‌ನಲ್ಲಿ ಬರಿದಾಗಿದ್ದ ನೆಲ ಮತ್ತೆ ಹಸಿರಾಗುತ್ತಿದೆ. ಕಳೆದುಹೋದ ಮಣ್ಣು ಮಾತ್ರ ವರ್ಷಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿಯೇ ಬೆಳೆಯಬೇಕು.

ವಾಚಕರೇ, ‘ಬೆಟ್ಟ ಯಾರದು?’ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಡಬಲ್ಲದು, ಶಾಸನಸಭೆ ಕೊಡಬಲ್ಲದು. ‘ಬೆಟ್ಟಕ್ಕೆ ಯಾರು ಋಣಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಹತ್ತಿದವನು. ಭೂಮಿ ಸರ್ವರಿಗೂ ಸಮಾನ ಎಂಬ ಮೀಮಾಂಸಕರ ಮಾತಿನಲ್ಲಿ ನಾವು ಹಕ್ಕನ್ನು ಮಾತ್ರ ಕೇಳಿಸಿಕೊಂಡರೆ ಅರ್ಧವನ್ನಷ್ಟೇ ಕೇಳಿಸಿಕೊಂಡಂತೆ. ಯಾವುದನ್ನು ದಾನ ಮಾಡುವ ಅಧಿಕಾರ ಸಾರ್ವಭೌಮನಿಗೂ ಇಲ್ಲವೋ, ಅದನ್ನು ಹಾಳುಮಾಡುವ ಅಧಿಕಾರ ಜನಸಮೂಹಕ್ಕೆ ಹೇಗೆ ಬಂದೀತು?

ಮುಂದಿನ ಸಲ ನಿಮ್ಮೂರಿನ ಗುಡ್ಡವನ್ನು, ಜಾತ್ರೆಗೋ ದನ ಮೇಯಿಸುವುದಕ್ಕೋ, ನೀವು ಹತ್ತುವಾಗ ಈ ಎರಡನೆಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿರಿ. ಇಳಿಯುವಾಗ ನೀವು ಒಯ್ದದ್ದನ್ನು ಅಲ್ಲಿ ಚೆಲ್ಲದೆ ಮರಳಿ ತನ್ನಿರಿ. ಮಳೆಗಾಲದಲ್ಲಿ ಒಂದು ದಿನ ಹೋಗಿ, ನೀರು ಕೊರೆದಿರುವ ಕಡೆ ನಾಲ್ಕು ಕಲ್ಲುಗಳನ್ನು ಅಡ್ಡ ಇಟ್ಟು ಬನ್ನಿರಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.