ಯಾರು ನೋಡಲೆಂದು ಈ ಹಾರಾಟ?

ಕಳೆದ ತಿಂಗಳು ಭಾನುವಾರದ ಧರ್ಮೋಪದೇಶ ತರಗತಿ ಮುಗಿದ ಮೇಲೆ ಒಬ್ಬ ಹುಡುಗ ತನ್ನ ಅಣ್ಣನ ಮೊಬೈಲಿನಲ್ಲಿ ನನಗೊಂದು ವಿಡಿಯೊ ತೋರಿಸಿದ. ಅಮೆರಿಕದ ಒಬ್ಬ ಸಾಮಾನ್ಯ ಮನುಷ್ಯ ಎರಡು ಸೀಟಿನ ಪುಟ್ಟ ವಿಮಾನವನ್ನು ತಾನೇ ನಡೆಸುತ್ತಾ ಹೊಲ, ನದಿ, ಬೆಟ್ಟಗಳ ಮೇಲೆ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತಾನೆ. ರೆಕ್ಕೆಯ ಮೇಲೊಂದು ಕ್ಯಾಮೆರಾ, ತಲೆಯ ಹಿಂದೊಂದು ಕ್ಯಾಮೆರಾ. ಅರ್ಧ ಗಂಟೆ ನಾವಿಬ್ಬರೂ ಬೆಂಚಿನ ಮೇಲೆ ಕೂತು ನೋಡಿದೆವು. ಕೊನೆಯಲ್ಲಿ ಹುಡುಗ ಕೇಳಿದ: “ಸಾರ್, ಕ್ಯಾಮೆರಾ ಇಲ್ಲದಿದ್ದರೂ ಇವರು ಹೀಗೇ ಹಾರಿಸ್ತಿದ್ರಾ?”

ನನ್ನ ಬಳಿ ಉತ್ತರ ಸಿದ್ಧವಿರಲಿಲ್ಲ. ಪ್ರಶ್ನೆ ಮಾತ್ರ ಮನೆಯವರೆಗೂ ನನ್ನ ಜೊತೆ ಬಂತು.

ಈ ಹವ್ಯಾಸದ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ. ಅಮೆರಿಕದಲ್ಲಿ ಖಾಸಗಿ ಪೈಲಟ್ ಪರವಾನಗಿ ಪಡೆಯಲು ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಾಟದ ಅನುಭವ ಬೇಕು. ಈ ಪರವಾನಗಿ ಇರುವವರು ಪ್ರಯಾಣಿಕರನ್ನು ಕೂರಿಸಿಕೊಂಡು ಬಾಡಿಗೆ ಪಡೆಯುವಂತಿಲ್ಲ. ಹೆಚ್ಚಿನವರು ಸಂತೋಷಕ್ಕಾಗಿ ಹಾರುವವರು. ಅವರು ‘ಕ್ರಾಸ್ ಕಂಟ್ರಿ’ ಎನ್ನುವುದು ಇಡೀ ದೇಶವನ್ನು ದಾಟುವುದನ್ನಲ್ಲ, ತಮ್ಮ ನಿಲ್ದಾಣ ಬಿಟ್ಟು ದೂರದ ಇನ್ನೊಂದು ನಿಲ್ದಾಣದಲ್ಲಿ ಇಳಿಯುವುದನ್ನು. ಈ ಪರವಾನಗಿಯ ಲೆಕ್ಕಕ್ಕೆ ಬರಬೇಕಾದರೆ ಆ ದೂರ 50 ನಾಟಿಕಲ್ ಮೈಲಿಗಿಂತ, ಅಂದರೆ ಸುಮಾರು 93 ಕಿಲೋಮೀಟರಿಗಿಂತ ಹೆಚ್ಚಿರಬೇಕು. ಹೊರಡುವ ಮುನ್ನ ಹವಾಮಾನ, ಇಂಧನ, ತೂಕ, ನಕ್ಷೆ ಎಲ್ಲವನ್ನೂ ಪೈಲಟ್ ತಾನೇ ನೋಡಬೇಕು. ಮೇಲೆ ಹೋದ ಮೇಲೆ ತೀರ್ಮಾನವೂ ಅವನೊಬ್ಬನದೇ.

ಇದನ್ನು ಚಿತ್ರಿಸಿಕೊಂಡರೆ ತಪ್ಪೇನು? ತಪ್ಪೇನೂ ಇಲ್ಲ. ಸಂತೋಷವಾದಾಗ ಹಂಚಿಕೊಳ್ಳಬೇಕೆನಿಸುವುದು ಮನುಷ್ಯ ಸಹಜ. ಇಳಿದ ಮೇಲೆ ವಿಡಿಯೊ ನೋಡಿ ತನ್ನ ತಪ್ಪುಗಳನ್ನು ತಾನೇ ಹಿಡಿಯುವ ಪೈಲಟ್ ಇದ್ದಾನೆ. ಅವನನ್ನು ನೋಡಿ ಕಲಿಯುವ ವಿದ್ಯಾರ್ಥಿಯೂ ಇದ್ದಾನೆ. ಆದರೆ ಕ್ಯಾಮೆರಾ ಬಂದ ಕೂಡಲೇ ವಿಮಾನದಲ್ಲಿ ಇನ್ನೊಬ್ಬರು ಬಂದು ಕೂತಂತಾಗುತ್ತದೆ. ಅವರೇ ಪ್ರೇಕ್ಷಕರು. ಅವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಆದರೂ ಪೈಲಟ್ ಅವರ ಮಾತನ್ನು ಕೇಳಲು ಶುರುಮಾಡುತ್ತಾನೆ.

ಮುಂದೆ ಮೋಡ ಕವಿದಿದೆ ಎಂದುಕೊಳ್ಳಿ. ಉಪಕರಣಗಳನ್ನು ನೋಡಿ ಹಾರುವ ತರಬೇತಿ ಇಲ್ಲದವನು ಅಲ್ಲಿಂದ ಹಿಂತಿರುಗಬೇಕು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದರ ಬಗ್ಗೆ ಒಂದು ಪ್ರಯೋಗ ನಡೆಯಿತು. ಅಂಥ ತರಬೇತಿ ಇಲ್ಲದ 20 ಮಂದಿಯನ್ನು ಹೊರಗೇನೂ ಕಾಣದ ಸ್ಥಿತಿಯಲ್ಲಿ ವಿಮಾನ ನಡೆಸಲು ಬಿಟ್ಟರು. 20 ಮಂದಿಯೂ ಹಿಡಿತ ಕಳೆದುಕೊಂಡರು, ಅದೂ ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಆಗಲಿಲ್ಲ. ಹೊರಗಿನ ನೆಲ ಮತ್ತು ಬಾನಿನ ಗೆರೆ ಕಾಣದಿದ್ದಾಗ ನಮ್ಮ ಒಳಕಿವಿ ಸುಳ್ಳು ಹೇಳುತ್ತದೆ. ವಿಮಾನ ವಾಲುತ್ತಿದ್ದರೂ ‘ನೇರವಾಗಿದ್ದೇನೆ’ ಎಂದೇ ಅನಿಸುತ್ತದೆ. ಹಾಗಾಗಿ ಮೋಡ ಕಂಡು ಹಿಂತಿರುಗುವುದು ಹೇಡಿತನವಲ್ಲ, ವಿವೇಕ. ಆದರೆ ಹಿಂತಿರುಗಿದ ಹಾರಾಟದ ವಿಡಿಯೊವನ್ನು ಎಷ್ಟು ಜನ ನೋಡುತ್ತಾರೆ? ಒಳ್ಳೆಯ ತೀರ್ಮಾನ ನೀರಸವಾದ ಚಿತ್ರವಾಗುತ್ತದೆ, ಕೆಟ್ಟ ತೀರ್ಮಾನ ರೋಚಕವಾದ ಚಿತ್ರವಾಗುತ್ತದೆ. ಶೋಧನೆ ಹುಟ್ಟುವುದು ಇಲ್ಲಿಯೇ.

2014ರ ಮೇ 31ರಂದು, ನಡುರಾತ್ರಿ ಕಳೆದ ಮೇಲೆ, ಕೊಲೊರಾಡೊ ರಾಜ್ಯದ ವಾಟ್ಕಿನ್ಸ್ ಎಂಬಲ್ಲಿ ಒಂದು ಸೆಸ್ನಾ 150 ವಿಮಾನ ಬಿದ್ದು ಪೈಲಟ್ ಮತ್ತು ಜೊತೆಗಿದ್ದವರು ತೀರಿಕೊಂಡರು. ವಿಮಾನದಲ್ಲಿದ್ದ ಪುಟ್ಟ ಕ್ಯಾಮೆರಾದಲ್ಲಿ ಕೊನೆಯ ಹಾರಾಟ ದಾಖಲಾಗಿರಲಿಲ್ಲ. ಅದಕ್ಕೂ ಹಿಂದಿನ ಹಾರಾಟಗಳು ದಾಖಲಾಗಿದ್ದವು. ಕತ್ತಲಲ್ಲಿ, ನೆಲಕ್ಕೆ ಹತ್ತಿರವಿರುವಾಗಲೇ, ಪೈಲಟ್ ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದುದು ಅದರಲ್ಲಿತ್ತು. ಕೊನೆಯ ಹಾರಾಟದಲ್ಲೂ ಮೊಬೈಲ್ ಅವರ ಗಮನ ಕೆಡಿಸಿರಬಹುದೆಂದು ತನಿಖೆ ನಡೆಸಿದವರು ತೀರ್ಮಾನಿಸಿದರು. ಸತ್ತವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಒಂದು ಕ್ಷಣದ ಆಸೆ, ಅಷ್ಟೇ.

ಇನ್ನೊಂದು ಪ್ರಕರಣದಲ್ಲಿ ಉದ್ದೇಶವೇ ಕೆಟ್ಟಿತ್ತು. 2021ರ ನವೆಂಬರ್ 24ರಂದು ಟ್ರೆವರ್ ಜೇಕಬ್ ಎಂಬ ಪೈಲಟ್ ಕ್ಯಾಲಿಫೋರ್ನಿಯಾದ ಲೊಂಪೋಕ್‌ನಿಂದ ಒಂದು ಹಳೆಯ ಪುಟ್ಟ ವಿಮಾನದಲ್ಲಿ ಒಬ್ಬನೇ ಹೊರಟ. ಮ್ಯಾಮತ್ ಲೇಕ್ಸ್ ಎಂಬ ಊರಿಗೆ ಹೋಗುತ್ತೇನೆ ಎಂದಿದ್ದ. ದಾರಿಯಲ್ಲಿ ಎಂಜಿನ್ ನಿಂತಿತೆಂದು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಿದ. ವಿಮಾನ ಕಾಡಿನಲ್ಲಿ ಬಿತ್ತು. ಒಂದು ತಿಂಗಳ ನಂತರ ಆ ವಿಡಿಯೊವನ್ನು ಎಲ್ಲರಿಗೂ ತೋರಿಸಿದ. ಲಕ್ಷಾಂತರ ಜನ ನೋಡಿದರು. ಆದರೆ ನೋಡಿದ ಪೈಲಟ್‌ಗಳಿಗೆ ಸಂಶಯ ಬಂತು. ಪ್ಯಾರಾಚೂಟನ್ನು ಮೊದಲೇ ಯಾಕೆ ಕಟ್ಟಿಕೊಂಡಿದ್ದ? ಎಂಜಿನ್ ನಿಲ್ಲುವ ಮುಂಚೆಯೇ ಬಾಗಿಲು ಯಾಕೆ ತೆರೆದಿತ್ತು? ರೇಡಿಯೊದಲ್ಲಿ ಸಹಾಯ ಯಾಕೆ ಕೇಳಲಿಲ್ಲ? ತೇಲಿಸಿಕೊಂಡು ಎಲ್ಲಾದರೂ ಇಳಿಸಲು ಯಾಕೆ ನೋಡಲಿಲ್ಲ? ಕೊನೆಗೆ ಸತ್ಯ ಹೊರಬಂತು. ಒಂದು ಪರ್ಸ್ ಕಂಪನಿಯ ಜಾಹೀರಾತಿಗಾಗಿ, ಹಣಕ್ಕಾಗಿ, ಬೇಕೆಂದೇ ಮಾಡಿದ್ದ. ಬಿದ್ದ ವಿಮಾನ ಎಲ್ಲಿದೆಯೋ ಗೊತ್ತಿಲ್ಲವೆಂದು ತನಿಖೆಯವರಿಗೆ ಸುಳ್ಳು ಹೇಳಿ, ಅದನ್ನು ಹೆಲಿಕಾಪ್ಟರಿನಿಂದ ಎತ್ತಿಸಿ, ಕತ್ತರಿಸಿ ಬಿಸಾಡಿದ್ದ. 2022ರಲ್ಲಿ ಪರವಾನಗಿ ಹೋಯಿತು. 2023ರ ಡಿಸೆಂಬರಿನಲ್ಲಿ ಆರು ತಿಂಗಳ ಸೆರೆಮನೆ ಶಿಕ್ಷೆಯಾಯಿತು. ಮೆಚ್ಚುಗೆಗಾಗಿ ತಾನೇ ಜೋಡಿಸಿದ್ದ ಕ್ಯಾಮೆರಾಗಳೇ ಅವನ ವಿರುದ್ಧ ಸಾಕ್ಷಿ ನುಡಿದವು.

ಈ ಮೂವರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯವನು ಹಾರಿದ, ಕ್ಯಾಮೆರಾ ಅದನ್ನು ನೋಡಿತು. ಎರಡನೆಯವರು ಹಾರುತ್ತಲೇ ಇನ್ನೊಂದು ಕಡೆ ಕಣ್ಣು ಹಾಯಿಸಿದರು. ಮೂರನೆಯವನು ಕ್ಯಾಮೆರಾಕ್ಕಾಗಿಯೇ ಹಾರಿದ. ಸಾಧನ ಒಂದೇ, ಆದರೆ ಯಾರು ಒಡೆಯ, ಯಾರು ಆಳು ಎಂಬುದು ತಿರುಗುಮುರುಗಾಯಿತು.

ಕೆಲವರು ಕೇಳಬಹುದು: “ನಾಲ್ಕು ಜನ ನೋಡುತ್ತಿದ್ದರೆ ಮನುಷ್ಯ ನೆಟ್ಟಗಿರುತ್ತಾನಲ್ಲವೇ?” ಹೌದು, ಸ್ವಲ್ಪ ಮಟ್ಟಿಗೆ. ರಸ್ತೆಯಲ್ಲಿ ಕ್ಯಾಮೆರಾ ಇದ್ದರೆ ಬೈಕಿನ ವೇಗ ತಗ್ಗುತ್ತದೆ. ಆದರೆ ಆ ಕಂಬ ದಾಟಿದ ಕೂಡಲೇ ವೇಗ ಮತ್ತೆ ಏರುತ್ತದೆ. ನೋಡುವವರಿಂದ ಹುಟ್ಟಿದ ಒಳ್ಳೆಯತನಕ್ಕೆ ನೋಡುವವರಷ್ಟೇ ಆಯುಸ್ಸು. ಅದೂ ಅಲ್ಲದೆ, ನೋಡುವವರು ಯಾವಾಗಲೂ ಒಳ್ಳೆಯದನ್ನೇ ಬಯಸುತ್ತಾರೆಂದು ಹೇಳುವವರಾರು? ಚಪ್ಪಾಳೆಯೂ ಆ ಒಳಕಿವಿಯ ಹಾಗೆಯೇ. ವಾಲುತ್ತಿರುವಾಗಲೂ ‘ನೀನು ನೆಟ್ಟಗಿದ್ದೀಯ’ ಎನ್ನುತ್ತದೆ.

ಹಾರುವವರ ನಡುವೆಯೇ ಇನ್ನೊಂದು ದಾರಿಯೂ ಇದೆ. 1976ರಿಂದ ಅಮೆರಿಕದಲ್ಲಿ ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುವ ಒಂದು ವ್ಯವಸ್ಥೆ ನಡೆಯುತ್ತಿದೆ. ಬಾಹ್ಯಾಕಾಶ ಸಂಸ್ಥೆ ನಾಸಾ ಅದನ್ನು ನೋಡಿಕೊಳ್ಳುತ್ತದೆ, ಏಕೆಂದರೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಬರೆದವರ ಹೆಸರನ್ನು ತೆಗೆದುಹಾಕಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕೆಂದೇ ಮಾಡಿದ ಅಪರಾಧಕ್ಕೆ ಅಲ್ಲಿ ರಕ್ಷಣೆ ಇಲ್ಲ, ಅರಿಯದೆ ಆದ ತಪ್ಪಿಗೆ ಇದೆ. ಪಾಪನಿವೇದನೆಯ ಪೀಠದ ಬಳಿ ಮಂಡಿಯೂರಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಎರಡೂ ಒಂದೇ ಅಲ್ಲ. ಆದರೆ ಹೆಸರಿಲ್ಲದೆ ಸತ್ಯ ಹೇಳುವುದಕ್ಕೂ, ಸತ್ಯವಿಲ್ಲದೆ ಹೆಸರು ಮಾಡುವುದಕ್ಕೂ ಎಷ್ಟು ಅಂತರ ಎಂದು ಎರಡೂ ತೋರಿಸುತ್ತವೆ.

ಈಗ ನನ್ನ ವಿಷಯ. ಹಿಂದಿನ ಕ್ರಿಸ್ಮಸ್‌ಗೆ ನಾವು ಕೆಲವರು ಸೇರಿ ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಂಡುಹೋದೆವು. ಕೊಡುವಾಗ ನಾನೇ ಮೊಬೈಲ್ ಎತ್ತಿದೆ. ಅಜ್ಜಿ ಮಾತಾಡಲಿಲ್ಲ. ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಚಳಿಗೆ ಇರಬೇಕೆಂದುಕೊಂಡೆ. ಆ ಚಿತ್ರ ಅಂದೇ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತು. ಅಕ್ಕಿ ಅಜ್ಜಿಯ ಮನೆಗೆ ಹೋಯಿತು, ಅಜ್ಜಿಯ ಬಡತನ ಊರೆಲ್ಲಾ ಹೋಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಎಳವೆಯಲ್ಲೇ ಕಲಿತವರು ನಾವು. ಅಂದು ನನ್ನ ಎಡಗೈ ಮೊಬೈಲ್ ಹಿಡಿದಿತ್ತು.

ಪೈಲಟ್‌ಗಳಿಗೆ ಮೊದಲ ದಿನಗಳಲ್ಲೇ ಕಲಿಸುವ ಒಂದು ಕ್ರಮವಿದೆ. ಮೊದಲು ವಿಮಾನವನ್ನು ಹಿಡಿತದಲ್ಲಿಡು, ಆಮೇಲೆ ದಾರಿ ನೋಡು, ಅದಾದ ಮೇಲೆ ಮಾತಾಡು. ಎಂಥ ಗಾಬರಿಯಲ್ಲೂ ಈ ಕ್ರಮ ತಪ್ಪಬಾರದು. ಇದರಲ್ಲಿ ಕ್ಯಾಮೆರಾಕ್ಕೆ ಜಾಗವೇ ಇಲ್ಲ. ಬಲ್ಲ ಪೈಲಟ್ ಅದನ್ನು ನೆಲದ ಮೇಲೆಯೇ ಜೋಡಿಸಿ, ಚಾಲೂ ಮಾಡಿ, ಮರೆತುಬಿಡುತ್ತಾನೆ. ಮೇಲೆ ಅದು ನಿಂತುಹೋದರೂ ಕೈ ಹಾಕುವುದಿಲ್ಲ.

ಮುಂದಿನ ಭಾನುವಾರ ಆ ಹುಡುಗ ಸಿಕ್ಕಾಗ ಹೇಳಿದೆ: “ಅವರು ಹಾರಿಸ್ತಿದ್ರೋ ಇಲ್ಲವೋ ನನಗೆ ಗೊತ್ತಿಲ್ಲ ಮಗಾ. ಅದನ್ನು ಅವರೇ ಹೇಳಬೇಕು. ನಾನು ಕೊಡ್ತಿದ್ನಾ ಅಂತ ಮಾತ್ರ ನನ್ನನ್ನು ನಾನು ಕೇಳಿಕೊಳ್ತಾ ಇದ್ದೇನೆ.” ಅವನಿಗೆ ಅರ್ಥವಾಗಲಿಲ್ಲ. ಈ ಸಲ ಅಜ್ಜಿಯ ಮನೆಗೆ ಅವನನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಮೊಬೈಲ್ ಮನೆಯಲ್ಲೇ ಇರಲಿ.